ಪ್ರವಾಸದ ಬಸ್ಸು ಕೆರೆಯ ದಂಡೆಯಲ್ಲೂ ನಿಲ್ಲಲಿ

ಪಟ್ಟಣದವರಲ್ಲಿ ಈಗ ಹೊಸ ಬಗೆಯ ಪ್ರವಾಸ ರೂಢಿಗೆ ಬರುತ್ತಿದೆ. ಮಲಗಲು ಹಾಸಿಗೆ, ಅಡುಗೆಗೆ ಒಲೆ, ಕುಡಿಯಲು ನೀರಿನ ತೊಟ್ಟಿ ಎಲ್ಲವೂ ಒಳಗೇ ಇರುವ ದೊಡ್ಡ ಮೋಟಾರು ಗಾಡಿಯೊಂದರಲ್ಲಿ ಮನೆ ಮಂದಿಯೆಲ್ಲ ಹೊರಡುತ್ತಾರೆ. ಗುಡ್ಡ, ಹೊಳೆ, ಅರಣ್ಯ ಕಂಡಲ್ಲಿ ಗಾಡಿ ನಿಲ್ಲಿಸುತ್ತಾರೆ. ಪ್ರಾಣಿ ಪಕ್ಷಿ ನೋಡುತ್ತಾರೆ. ಅಲ್ಲಿಯೇ ಉಂಡು ಮಲಗಿ ಮರುದಿನ ಮುಂದೆ ಸಾಗುತ್ತಾರೆ. ಈ ಗಾಡಿಗೆ ಕ್ಯಾರವಾನ್ ಎಂದು ಹೆಸರು. ಅಮೆರಿಕದವರು ಇದನ್ನು ಆರ್.ವಿ. ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿಯೂ ಇಂಥ ಗಾಡಿಗಳು ಬಾಡಿಗೆಗೆ ಸಿಗತೊಡಗಿವೆ.

ನಮ್ಮ ಹಿರಿಯರಿಗೆ ಇದರಲ್ಲಿ ಹೊಸದೇನೂ ಕಾಣಲಾರದು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಿದ್ದ ಕೊಲ್ಲಾರಿ ಬಂಡಿ ಮತ್ತೇನಾಗಿತ್ತು? ಮೇಲೆ ಬಿದಿರಿನ ಕಮಾನು, ಒಳಗೆ ಹುಲ್ಲಿನ ಹಾಸಿಗೆ, ಹಿಂದೆ ಎತ್ತಿಗೆ ಕಣಿಕೆ, ಗಂಟಿನಲ್ಲಿ ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಮಾದಲಿ. ಹಳ್ಳದ ದಂಡೆ ಕಂಡಲ್ಲಿ ಕೊಳ್ಳು ಹರಿದು ಮೂರು ಕಲ್ಲು ಹೂಡಿದರೆ ಅದೇ ಮನೆ. ಎತ್ತಿನ ನಡಿಗೆ ನಿಧಾನ. ನಿಧಾನವಾದುದರಿಂದಲೇ ಕಣ್ಣಿಗೆ ಬೀಳುವುದು ಹೆಚ್ಚು. ಯಾವ ಊರಿನ ಜೋಳ ಹೇಗೆ ಎದ್ದಿದೆ, ಯಾವ ಹಳ್ಳದಲ್ಲಿ ನೀರು ಉಳಿದಿದೆ, ಯಾವ ಬಯಲಿನಲ್ಲಿ ಚಿಗರಿ ಹಿಂಡು ಹಾಯ್ದುಹೋಯಿತು ಎಂಬ ಸುದ್ದಿಯೆಲ್ಲ ಪ್ರಸಾದದ ಜೊತೆಗೆ ಊರಿಗೆ ಬರುತ್ತಿತ್ತು.

ಈಗಲೂ ನಮ್ಮ ರೈತರು ಪ್ರವಾಸ ಬಿಟ್ಟಿಲ್ಲ. ಜಾತ್ರೆಗೆ ಹೋಗುತ್ತಾರೆ. ಸೆಪ್ಟೆಂಬರ್ ಸುಮಾರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಬಸ್ಸು ತುಂಬಿಕೊಂಡು ಹೊರಡುತ್ತಾರೆ. ಕೃಷಿ ಇಲಾಖೆಯ ಆತ್ಮ ಯೋಜನೆಯಲ್ಲಿ ಅಧ್ಯಯನ ಪ್ರವಾಸಗಳೂ ಇವೆ. ಆದರೆ ಈ ಪ್ರವಾಸಗಳಲ್ಲಿ ದಾರಿ ಎಂಬುದು ಲೆಕ್ಕಕ್ಕೇ ಇಲ್ಲ. ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದರೆ ಬೆಳಗಿಗೆ ಕಣ್ಣು ಬಿಡುವುದು ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಇಲ್ಲವೆ ದೇವಸ್ಥಾನದ ಬಾಗಿಲಲ್ಲಿ. ನಡುವಿನ ನೂರಾರು ಕಿಲೋಮೀಟರು ನಿದ್ದೆಯಲ್ಲಿ ಕಳೆದುಹೋಗುತ್ತದೆ.

ಈ ಪದ್ಧತಿ ಬದಲಾಗಬೇಕು, ರೈತರ ಪ್ರತಿಯೊಂದು ಪ್ರವಾಸದಲ್ಲಿಯೂ ಕೆರೆ, ಹಿನ್ನೀರು ಅಥವಾ ಹುಲ್ಲುಗಾವಲಿನಂಥ ಒಂದು ವನ್ಯಜೀವಿ ತಾಣದಲ್ಲಿ ಅರ್ಧ ದಿನದ ನಿಲುಗಡೆ ಇರಬೇಕು ಎಂಬುದು ನನ್ನ ಅಭಿಪ್ರಾಯ. ಇದು ಮೋಜಿಗಾಗಿ ಹೇಳುವ ಮಾತಲ್ಲ. ಒಣಬೇಸಾಯದ ರೈತನಿಗೆ ಇದು ಬೇಸಾಯದ ಪಾಠವೇ ಆಗಿದೆ.

ಹೊಲಕ್ಕೂ ಹಕ್ಕಿಗೂ ಏನು ಸಂಬಂಧ?

ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಎರೆ ಭೂಮಿ ಬಿಳಿಜೋಳಕ್ಕೆ, ತೊಗರಿಗೆ, ಕಡಲೆಗೆ ಹೆಸರಾದದ್ದು. ಈ ಬಯಲು ಸೀಮೆಗೆ ತನ್ನದೇ ಆದ ಪ್ರಾಣಿ ಪಕ್ಷಿಗಳಿವೆ. ಅವು ದಟ್ಟ ಅಡವಿಯ ಜೀವಿಗಳಲ್ಲ. ಚಿಗರಿ, ತೋಳ, ನರಿ, ಮೊಲ, ಕಾಡುಬೆಕ್ಕು, ಗೂಬೆ, ಕಾಜಾಣ ಇವೆಲ್ಲ ಹುಲ್ಲು, ಹೊಲ, ಬದು, ಹಳ್ಳದ ದಂಡೆಗಳನ್ನೇ ನಂಬಿ ಬದುಕುವಂಥವು. ಅಡವಿಯಲ್ಲಿರುವ ಹುಲಿ, ಆನೆಯನ್ನು ಕಾಯುವುದು ಸರ್ಕಾರದ ಕೆಲಸವೆಂದು ಸುಮ್ಮನಿರಬಹುದು. ಆದರೆ ಬಯಲಿನ ಈ ಜೀವಿಗಳ ಅಳಿವು ಉಳಿವು ರೈತನ ಕೈಯಲ್ಲಿಯೇ ಇದೆ.

ತೊಗರಿಗೆ ಬೀಳುವ ಕಾಯಿಕೊರಕ ಹುಳುವನ್ನೇ ತೆಗೆದುಕೊಳ್ಳಿ. ಔಷಧಿಗೆಂದು ರೈತ ಮಾಡುವ ಖರ್ಚಿನಲ್ಲಿ ದೊಡ್ಡ ಪಾಲು ಈ ಹುಳುವಿಗೇ ಹೋಗುತ್ತದೆ. ಎಕರೆಗೆ ಸುಮಾರು 20ರಂತೆ ಕವೆಗೋಲುಗಳನ್ನು ನೆಟ್ಟು ಹಕ್ಕಿಗಳಿಗೆ ಕೂಡಲು ಆಸರೆ ಮಾಡಿಕೊಡಿರೆಂದು, ಸಾಲುಗಳ ನಡುವೆ ಚುರುಮುರಿ ಎರಚಿರೆಂದು ನಾವು ವಿಸ್ತರಣಾ ಕಾರ್ಯಕರ್ತರು ಹೇಳುತ್ತಲೇ ಬಂದಿದ್ದೇವೆ. ಕಾಜಾಣ, ಗೊರವಂಕ, ಬೆಳ್ಳಕ್ಕಿಗಳು ಬಂದು ಹುಳು ಹೆಕ್ಕುತ್ತವೆ. ಇದು ಪುಸ್ತಕದ ಮಾತಲ್ಲ. ಕುಂಟೆ ಹೊಡೆಯುವಾಗ ಎತ್ತಿನ ಬೆನ್ನ ಹಿಂದೆ ಸಾಲುಗಟ್ಟಿ ನಡೆಯುವ ಬೆಳ್ಳಕ್ಕಿಯನ್ನು ಯಾರು ನೋಡಿಲ್ಲ?

ಇಲಿಯ ಮಾತೂ ಹೀಗೆಯೇ. ಕಣಜ ಗೂಬೆ ರಾತ್ರಿಯೊಂದಕ್ಕೆ ಎರಡು ಮೂರು ಇಲಿಗಳನ್ನು ಹಿಡಿಯಬಲ್ಲದು. ನರಿ, ಕಾಡುಬೆಕ್ಕು, ಕೇರೆ ಹಾವು ಕೂಡ ಇದೇ ಕೆಲಸ ಮಾಡುತ್ತವೆ. ಗೂಬೆಯನ್ನು ಅಪಶಕುನವೆಂದು ಓಡಿಸಿ, ಹಾವನ್ನು ಕಂಡಲ್ಲಿ ಹೊಡೆದು, ಆಮೇಲೆ ಇಲಿಪಾಷಾಣಕ್ಕೆ ಅಂಗಡಿಗೆ ಅಲೆಯುವುದು ಯಾವ ಲೆಕ್ಕದ ಒಕ್ಕಲುತನ?

ರಣಹದ್ದಿನ ಸಂಗತಿ ಇನ್ನೂ ಕಣ್ಣು ತೆರೆಸುವಂಥದು. ಹಿಂದೆ ದನ ಸತ್ತರೆ ಊರ ಹೊರಗಿನ ಜಾಗಕ್ಕೆ ರಣಹದ್ದುಗಳು ಬಂದು ಒಂದೇ ದಿನದಲ್ಲಿ ಚೊಕ್ಕಟ ಮಾಡುತ್ತಿದ್ದವು. ಈಗ ಅವು ಕಾಣುವುದಿಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತವೆಂದು ಗೊತ್ತಾಯಿತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಈ ಔಷಧಿ ಕೊಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ದೇಶದ ಬಹುಪಾಲು ರಣಹದ್ದುಗಳು ಹೋಗಿಬಿಟ್ಟಿದ್ದವು. ಯಾರೂ ಅವನ್ನು ಕೊಲ್ಲಬೇಕೆಂದು ಹೊರಟವರಲ್ಲ. ಕೊಟ್ಟಿಗೆಯಲ್ಲಿ ಮಾಡಿದ ಒಂದು ಸಣ್ಣ ಕೆಲಸ ಆಕಾಶದವರೆಗೆ ಮುಟ್ಟಿತು, ಅಷ್ಟೇ.

ಇಂಥ ಸಂಗತಿಗಳನ್ನು ಸಭೆಯಲ್ಲಿ ಭಾಷಣ ಮಾಡಿ ತಿಳಿಸಿದರೆ ರೈತರು ಆಕಳಿಸುತ್ತಾರೆ. ಅದು ಅವರ ತಪ್ಪಲ್ಲ. ಬೀಜದ ಗುಣವನ್ನು ಬೆಳೆ ನಿಂತ ಹೊಲದಲ್ಲಿ ತೋರಿಸಬೇಕೇ ಹೊರತು ಚೀಟಿಯಲ್ಲಿ ಬರೆದು ಕೊಟ್ಟರೆ ಸಾಲದು. ಪ್ರಾಣಿ ಪಕ್ಷಿಗಳ ಮಾತೂ ಅಷ್ಟೇ. ಕಣ್ಣಾರೆ ಕಾಣಬೇಕು.

ಮೂರು ದಿನದ ಒಂದು ದಾರಿ

ದೂರದ ಬಂಡೀಪುರ, ನಾಗರಹೊಳೆಗೆ ಹೋಗಬೇಕಾಗಿಲ್ಲ. ನಮ್ಮ ಕಡೆಯಿಂದಲೇ ಮೂರು ದಿನದಲ್ಲಿ ಮುಗಿಯುವ ದಾರಿಯೊಂದನ್ನು ಇಲ್ಲಿ ಸೂಚಿಸುತ್ತೇನೆ. ಕಾಲ ಮಾತ್ರ ಸರಿಯಾಗಿ ಆರಿಸಿಕೊಳ್ಳಬೇಕು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ, ಬನದ ಹುಣ್ಣಿಮೆಯ ಸುಮಾರಿಗೆ ಹೊರಡುವುದು ಉತ್ತಮ. ತೊಗರಿ ರಾಶಿ ಬೇಗ ಮುಗಿಸಿದವರಿಗೆ ಆಗ ಸ್ವಲ್ಪ ಬಿಡುವು. ಬಿಳಿಜೋಳ ಇನ್ನೂ ಹೊಲದಲ್ಲಿರುತ್ತದೆ. ಚಳಿಗಾಲದ ವಲಸೆ ಹಕ್ಕಿಗಳೂ ಅದೇ ಹೊತ್ತಿಗೆ ನಮ್ಮ ನಾಡಿನಲ್ಲಿರುತ್ತವೆ.

ಮೊದಲ ನಿಲುಗಡೆ ಆಲಮಟ್ಟಿ. ದೇವರ ಹಿಪ್ಪರಗಿಯಿಂದ ನಸುಕಿನಲ್ಲಿ ಹೊರಟು ಬಸವನ ಬಾಗೇವಾಡಿ, ನಿಡಗುಂದಿ ಮೇಲೆ ಹೋದರೆ ಬಿಸಿಲೇರುವ ಮೊದಲೇ ಕೃಷ್ಣೆಯ ದಂಡೆ ಸೇರಬಹುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಈ ಅಣೆಕಟ್ಟು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ನಾಡಿಗೆ ಸಮರ್ಪಣೆಯಾಯಿತು. ಸಾಮಾನ್ಯವಾಗಿ ಪ್ರವಾಸದವರು ಅಣೆಕಟ್ಟು, ಉದ್ಯಾನ, ಕಾರಂಜಿ ನೋಡಿ ಮುಂದೆ ಸಾಗುತ್ತಾರೆ. ಹಿನ್ನೀರನ್ನು ನೋಡುವವರು ಕಡಿಮೆ. ಮಳೆಗಾಲ ಕಳೆದು ನೀರು ಇಳಿಯತೊಡಗಿದಾಗ ತೆಳುನೀರಿನ ಅಂಚಿನಲ್ಲಿ ರಾಜಹಂಸಗಳು ಗುಂಪುಗುಂಪಾಗಿ ನಿಲ್ಲುತ್ತವೆ. ಬಾಗಲಕೋಟೆ, ಬೀಳಗಿ ಕಡೆಯ ಹಿನ್ನೀರಿನಲ್ಲಿ ಇವನ್ನು ನೋಡಬಹುದು. ಉದ್ದ ಕಾಲು, ಬಾಗಿದ ಕೊಕ್ಕು. ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದಿ ಕೆಸರು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ರೀತಿಯನ್ನು ನೋಡಿಯೇ ತಿಳಿಯಬೇಕು.

ಅಲ್ಲಿ ನಿಂತಾಗ ಇನ್ನೊಂದು ಮಾತನ್ನು ನೆನೆಯಬೇಕು. ಆ ಹಕ್ಕಿಗಳು ನಿಂತ ಜಾಗ ಒಂದು ಕಾಲಕ್ಕೆ ಯಾರದೋ ಹೊಲವಾಗಿತ್ತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರು, ಎಷ್ಟೋ ಎರೆ ಭೂಮಿ ಆ ನೀರಿನ ಕೆಳಗಿದೆ. ಹಳೆಯ ಬಾಗಲಕೋಟೆಯ ಭಾಗವೇ ಮುಳುಗಿ ನವನಗರ ಎದ್ದಿತು. ನೀರು ಬಂದದ್ದರಿಂದ ಒಬ್ಬರ ಕಾಲುವೆಗೆ ಜೀವ ಬಂತು, ಇನ್ನೊಬ್ಬರ ಮನೆ ಹೋಯಿತು, ಕರೆಯದೆ ಬಂದ ಹಕ್ಕಿಗೆ ಹೊಸ ಊರು ಸಿಕ್ಕಿತು. ನೆಲದ ಮೇಲೆ ಮನುಷ್ಯ ಮಾಡುವ ಯಾವ ದೊಡ್ಡ ಕೆಲಸಕ್ಕೂ ಒಂದೇ ಮುಖ ಇರುವುದಿಲ್ಲವೆಂಬುದು ಅಲ್ಲಿ ಕಾಣುತ್ತದೆ.

ಆ ರಾತ್ರಿ ಬಾದಾಮಿಯಲ್ಲಿ ತಂಗಿ ಬನಶಂಕರಿಯ ದರ್ಶನ ಮಾಡಬಹುದು. ಜಾತ್ರೆಯ ದಿನಗಳಾದರೆ ನಾಟಕವನ್ನೂ ನೋಡಬಹುದು. ದೇವರ ಕೆಲಸಕ್ಕೂ ಈ ಪ್ರವಾಸಕ್ಕೂ ವಿರೋಧವಿಲ್ಲ.

ಮಾಗಡಿ ಕೆರೆಯ ಪಾಠ

ಎರಡನೆಯ ದಿನದ ಮುಖ್ಯ ನಿಲುಗಡೆ ಗದಗ ಜಿಲ್ಲೆಯ ಮಾಗಡಿ ಕೆರೆ. ಗದಗ ಮತ್ತು ಲಕ್ಷ್ಮೇಶ್ವರದ ನಡುವೆ ಇರುವ ಈ ಊರು ದೊಡ್ಡದೇನಲ್ಲ, ಕೆರೆಯೂ ಸಾಗರವೇನಲ್ಲ. ಆದರೆ 2024ರ ಜನವರಿಯಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಅದೇ ಸಲ ಸೇರಿದವು. ಅದಕ್ಕೆ ಮೊದಲು ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿದ್ದುದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ.

ಮಾಗಡಿಗೆ ಈ ಹೆಸರು ತಂದುಕೊಟ್ಟದ್ದು ಪಟ್ಟೆತಲೆ ಹೆಬ್ಬಾತು. ಬೂದು ಬಣ್ಣದ ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡುವ ಈ ಹಕ್ಕಿ ಚಳಿಗಾಲಕ್ಕೆ ಹಿಮಾಲಯ ದಾಟಿ ನಮ್ಮಲ್ಲಿಗೆ ಬರುತ್ತದೆ. 7,000 ಮೀಟರಿಗೂ ಮೇಲೆ ಇದು ಹಾರಿದ್ದನ್ನು ವಿಜ್ಞಾನಿಗಳು ಉಪಕರಣ ಕಟ್ಟಿ ಅಳೆದಿದ್ದಾರೆ. ಅಷ್ಟು ದೂರ ಹಾರಿ ಬಂದ ಹಕ್ಕಿ ಇಳಿಯುವುದು ನಮ್ಮಂಥದೇ ಒಂದು ಹಳ್ಳಿಯ ಕೆರೆಗೆ.

ರೈತರು ಗಮನಿಸಬೇಕಾದ ವಿಷಯ ಇದರ ಮೇವು. ಹಗಲಿನಲ್ಲಿ ಕೆರೆಯಲ್ಲಿ ತೇಲುತ್ತ ವಿಶ್ರಾಂತಿ ಪಡೆಯುವ ಈ ಬಾತುಗಳು ಹೊತ್ತು ಇಳಿದ ಮೇಲೆ ಸಾಲುಗಟ್ಟಿ ಎದ್ದು ಸುತ್ತಲಿನ ಹೊಲಗಳಿಗೆ ಹೋಗುತ್ತವೆ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ, ಉದುರಿದ ಕಾಳು, ಎಳೆಯ ಹುಲ್ಲು ಮತ್ತು ಚಿಗುರು ಇವುಗಳ ಆಹಾರ. ಎಂದರೆ ಕೆರೆ ಇವುಗಳಿಗೆ ಮಲಗುವ ಮನೆ. ಊಟದ ಮನೆ ರೈತನ ಹೊಲ. ಕೆರೆಗೆ ಸರ್ಕಾರದ ಫಲಕ ಹಾಕಬಹುದು. ಹೊಲಕ್ಕೆ ಹಾಕಲು ಬರುವುದಿಲ್ಲ. ಅಲ್ಲಿಯ ರೈತರು ಕೋವಿ ಹಿಡಿದಿದ್ದರೆ, ವಿಷ ಇಟ್ಟಿದ್ದರೆ, ಇಷ್ಟು ಹೊತ್ತಿಗೆ ಆ ಹಕ್ಕಿಗಳು ಬೇರೆ ದಾರಿ ನೋಡಿಕೊಳ್ಳುತ್ತಿದ್ದವು. ಮಾಗಡಿಯ ಹೆಸರನ್ನು ಜಗತ್ತಿನ ಪಟ್ಟಿಗೆ ಸೇರಿಸಿದವರಲ್ಲಿ ಆ ಊರಿನ ಒಕ್ಕಲಿಗರೂ ಇದ್ದಾರೆ.

ನಮ್ಮ ಕಡೆಯ ಹಿರಿಯ ರೈತರೊಬ್ಬರು ಆ ಕೆರೆಯ ದಂಡೆಯಲ್ಲಿ ಬಹಳ ಹೊತ್ತು ಸುಮ್ಮನೆ ನಿಂತು, ‘ಅಷ್ಟು ದೂರದಿಂದ ಬಂದ ಬೀಗರಿಗೆ ನಾಲ್ಕು ಕಾಯಿ ಶೇಂಗಾ ಹೆಚ್ಚಾಯಿತೇನು?’ ಎಂದರು. ಪಕ್ಕದಲ್ಲಿದ್ದ ತರುಣ ರೈತ, ‘ನಾಲ್ಕು ಕಾಯಿ ಆದರೆ ಸರಿ, ನಾಲ್ಕು ಎಕರೆ ಆದರೆ?’ ಎಂದು ಕೇಳಿದ. ಎರಡೂ ಮಾತು ನಿಜ. ಈ ಚರ್ಚೆ ಯಾವ ತರಬೇತಿ ಕೊಠಡಿಯಲ್ಲಿಯೂ ಹುಟ್ಟುತ್ತಿರಲಿಲ್ಲ.

ಚಿಗರಿಯ ಎರಡು ಮುಖ

ಆ ತರುಣನ ಪ್ರಶ್ನೆಗೆ ಉತ್ತರ ಹುಡುಕಲು ಮೂರನೆಯ ದಿನ ರಾಣೆಬೆನ್ನೂರಿಗೆ ಹೋಗಬೇಕು. ಲಕ್ಷ್ಮೇಶ್ವರದಿಂದ ಹಾವೇರಿ ಜಿಲ್ಲೆಗೆ ದಾಟಿದರೆ ಅಲ್ಲಿ 1974ರಲ್ಲಿ ಸ್ಥಾಪಿತವಾದ, ಸುಮಾರು 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ವನ್ಯಜೀವಿ ಧಾಮವಿದೆ. ಕೃಷ್ಣಮೃಗವೆಂದರೆ ನಮ್ಮ ಚಿಗರಿಯೇ. ಗಂಡು ಕಪ್ಪು, ಸುರುಳಿ ಕೊಂಬು, ಹೆಣ್ಣು ಕಂದು. ಬೆಳಗಿನ ತಂಪಿನಲ್ಲಿ ಹಿಂಡು ಬೆದರಿ ಜಿಗಿದಾಗ ಕಣ್ಣು ತುಂಬುತ್ತದೆ.

ಆದರೆ ಧಾಮದ ಅಂಚಿನ ಊರುಗಳ ರೈತರನ್ನು ಮಾತಾಡಿಸದೆ ಹಿಂತಿರುಗಬಾರದು. ಚಿಗರಿಗೆ ಬೇಕಾದದ್ದು ಬಯಲು ಹುಲ್ಲುಗಾವಲು. ಹಿಂದೆ ಅಲ್ಲಿ ನೀಲಗಿರಿ ಗಿಡಗಳನ್ನು ದೊಡ್ಡ ಪ್ರಮಾಣದಲ್ಲಿ ನೆಡಲಾಯಿತು. ನೀಲಗಿರಿಯ ಕೆಳಗೆ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದ ಚಿಗರಿ ಹೊರಗಿನ ಹೊಲಕ್ಕೆ ಬರುತ್ತದೆ. ಗದಗ, ಕೊಪ್ಪಳ ಜಿಲ್ಲೆಗಳ ಎರೆ ಭೂಮಿಯಲ್ಲಿಯೂ ಚಿಗರಿ ಹಿಂಡು ಎಳೆಯ ಪೈರು ಮೇಯುವ ದೂರು ವರ್ಷ ವರ್ಷವೂ ಕೇಳಿಬರುತ್ತದೆ. ಸಾಲ ಮಾಡಿ ಬಿತ್ತಿದ ಬೀಜ ಮೊಳಕೆಯಲ್ಲಿಯೇ ಹೋದರೆ ಆ ರೈತನಿಗೆ ಚಿಗರಿಯ ಚೆಲುವು ಹೇಳಿ ಫಲವಿಲ್ಲ.

ಆದುದರಿಂದಲೇ ನೋಡಬೇಕು ಎನ್ನುತ್ತೇನೆ. ಹುಲ್ಲು ಹೋದಲ್ಲಿ ಚಿಗರಿ ಹೊಲಕ್ಕೆ ಬರುತ್ತದೆ ಎಂಬ ಒಂದು ಮಾತು ಕಣ್ಣಿಗೆ ಕಂಡರೆ, ನಮ್ಮೂರ ಗೋಮಾಳ, ಗಾಯರಾಣ ಜಾಗಗಳನ್ನು ಉಳಿಸಿಕೊಳ್ಳುವುದು ದನಕ್ಕಷ್ಟೇ ಅಲ್ಲ, ಬೆಳೆಗೂ ರಕ್ಷಣೆ ಎಂಬುದು ತಿಳಿಯುತ್ತದೆ. ಬೆಳೆ ಹಾನಿಯಾದರೆ ಪಹಣಿ, ಫೋಟೋ ಸಹಿತ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಡಮಾಡದೆ ಅರ್ಜಿ ಕೊಟ್ಟು ಪರಿಹಾರ ಕೇಳುವ ಪದ್ಧತಿಯನ್ನು ಅಂಚಿನ ಊರಿನವರಿಂದಲೇ ಕಲಿಯಬಹುದು. ಪರಿಹಾರ ಸಾಲದು, ತಡವಾಗುತ್ತದೆ ಎಂಬ ಅವರ ದೂರನ್ನೂ ಕೇಳಿಸಿಕೊಳ್ಳಬೇಕು. ಕಾಡುಪ್ರಾಣಿಯನ್ನು ನಾಡೆಲ್ಲ ಹೊಗಳುವುದು, ಅದರ ಮೇವಿನ ಖರ್ಚು ಮಾತ್ರ ಅಂಚಿನ ಬಡ ರೈತನದು ಎಂಬುದು ನ್ಯಾಯವಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕಾದರೂ ರೈತ ನೋಡಿದವನಾಗಿರಬೇಕು.

ಹೊಲದ ಸುತ್ತ ವಿದ್ಯುತ್ ತಂತಿ ಬಿಡುವವರಿಗೂ ಇಲ್ಲಿ ಒಂದು ಮಾತು. ಲೈನಿನಿಂದ ನೇರವಾಗಿ ಬೇಲಿಗೆ ವಿದ್ಯುತ್ ಹರಿಸುವುದು ಅಪರಾಧ. ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಕೊಂದವರಿಗೆ ಸೆರೆವಾಸ ತಪ್ಪದು. ಅದಕ್ಕಿಂತ ಮುಖ್ಯವಾಗಿ, ಹಂದಿಗೋ ಚಿಗರಿಗೋ ಹಾಕಿದ ತಂತಿಗೆ ನಸುಕಿನಲ್ಲಿ ನೀರು ಹಾಯಿಸಲು ಹೋದ ಮನೆಯವರೇ ಬಲಿಯಾದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ನೋಡಲು ಸಿಗದ ಹಕ್ಕಿ

ರಾಣೆಬೆನ್ನೂರಿನಲ್ಲಿ ಇನ್ನೊಂದು ಪಾಠವಿದೆ. ಅದು ಇಲ್ಲದಿರುವ ಹಕ್ಕಿಯ ಪಾಠ. ಬಳ್ಳಾರಿ ಕಡೆಯವರು ಎರ್ಲಡ್ಡು ಎನ್ನುವ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ದೊಡ್ಡ ಹಕ್ಕಿ ಹಿಂದೆ ಅಲ್ಲಿತ್ತು. ಗಂಡು ಹಕ್ಕಿ 15 ಕಿಲೋದವರೆಗೆ ತೂಗಬಲ್ಲದು. ಮಿಡತೆ, ಓಡುಹುಳು, ಕಾಳು ತಿಂದು ಬಯಲಿನಲ್ಲಿ ನಡೆಯುತ್ತಲೇ ಬದುಕುವ ಹಕ್ಕಿ. ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಬಯಲೆಲ್ಲ ಉತ್ತುಹೋದ ಮೇಲೆ, ಬೇಟೆಯಾಡಿದ ಮೇಲೆ, ವಿದ್ಯುತ್ ತಂತಿಗಳು ಹಾರುವ ದಾರಿಗೆ ಅಡ್ಡ ಬಂದ ಮೇಲೆ, ಇಡೀ ದೇಶದಲ್ಲಿ ಇದರ ಸಂಖ್ಯೆ 200ರ ಒಳಗೆ ಇಳಿಯಿತು. ಉಳಿದವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ.

ಇಂಡಿ ಕಡೆಯ ರೈತರಿಗೆ ಈ ಪಾಠ ಇನ್ನೂ ಹತ್ತಿರದಲ್ಲಿದೆ. ಸೊಲ್ಲಾಪುರದಿಂದ ಬಾರ್ಶಿ ದಾರಿಯಲ್ಲಿ ಹೋದರೆ ನಾನ್ನಜ್ ಎಂಬ ಊರಿನ ಬಳಿ ಮಹಾರಾಷ್ಟ್ರ ಸರ್ಕಾರ 1979ರಲ್ಲಿ ಈ ಹಕ್ಕಿಗಾಗಿಯೇ ಮಾಡಿದ ಅಭಯಾರಣ್ಯವಿದೆ. ಅಲ್ಲಿ ಚಿಗರಿ, ತೋಳಗಳನ್ನು ಈಗಲೂ ನೋಡಬಹುದು. ಹಕ್ಕಿ ಮಾತ್ರ ಕಣ್ಣಿಗೆ ಬೀಳುವುದು ಅಪರೂಪ. ನೆಲವೂ ನಮ್ಮದರಂತೆಯೇ, ಜೋಳವೂ ನಮ್ಮದರಂತೆಯೇ. ಒಂದು ದಿನದಲ್ಲಿ ಹೋಗಿ ಬರಬಹುದು. ಆ ಬಯಲಿನಲ್ಲಿ ಮಕ್ಕಳನ್ನು ನಿಲ್ಲಿಸಿ, ಇಲ್ಲಿ ಇಂಥದೊಂದು ಹಕ್ಕಿ ಓಡಾಡುತ್ತಿತ್ತು ಎಂದು ಹೇಳಿದರೆ ಸಾಕು.

ಆಕ್ಷೇಪಣೆಗಳು

ಇದಕ್ಕೆಲ್ಲ ರೈತನಿಗೆ ಹೊತ್ತೆಲ್ಲಿ, ದುಡ್ಡೆಲ್ಲಿ ಎಂದು ಕೇಳುವವರಿದ್ದಾರೆ. ನಾನು ಹೇಳುತ್ತಿರುವುದು ಹೊಸ ಪ್ರವಾಸವನ್ನಲ್ಲ. ಹೇಗೂ ನಡೆಯುವ ಪ್ರವಾಸದಲ್ಲಿ ಅರ್ಧ ದಿನವನ್ನು. ರಾಣೆಬೆನ್ನೂರಿನಿಂದ ಹುಬ್ಬಳ್ಳಿ, ಧಾರವಾಡದ ಮೇಲೆ ಮರಳಿದರೆ ಕೃಷಿ ವಿಶ್ವವಿದ್ಯಾಲಯದ ಕೆಲಸವೂ ಆಗುತ್ತದೆ. ಹೋಗುವಾಗ ಹಕ್ಕಿ, ಬರುವಾಗ ಬೀಜ. ಎರಡೂ ಒಂದೇ ಡೀಸೆಲ್ಲಿನಲ್ಲಿ.

ಪ್ರಾಣಿ ನೋಡುವುದು ಉಂಡಾಡಿಗಳ ಕೆಲಸ ಎಂಬ ಮಾತೂ ಇದೆ. ಜೋಳದ ತೆನೆ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸುವ ನಮ್ಮ ಹೆಣ್ಣುಮಕ್ಕಳಿಗೆ ಹಕ್ಕಿಗಳ ಗುಣ ಗೊತ್ತಿರುವಷ್ಟು ಯಾವ ಪ್ರವಾಸಿಗೂ ಗೊತ್ತಿರಲಾರದು. ಯಾವುದು ಕಾಳು ತಿನ್ನುತ್ತದೆ, ಯಾವುದು ಹುಳು ತಿನ್ನುತ್ತದೆ ಎಂದು ಅವರು ದೂರದಿಂದಲೇ ಹೇಳುತ್ತಾರೆ. ಆದರೆ ಅಧ್ಯಯನ ಪ್ರವಾಸದ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ. ಇನ್ನು ಮುಂದೆ ಬಸ್ಸಿನ ಅರ್ಧದಷ್ಟು ಜಾಗ ಅವರಿಗಿರಲಿ.

ದಾರಿಯಲ್ಲಿ ನಡೆಯಬೇಕಾದ ರೀತಿ

ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಜನರನ್ನು ತುಂಬಿಕೊಂಡು ದೂರ ಪ್ರಯಾಣ ಮಾಡುವುದು ಬೇಡವೇ ಬೇಡ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಟ್ರೇಲರ್ ಪಲ್ಟಿಯಾಗಿ ಜಾತ್ರೆಯ ಮನೆಗಳು ಸೂತಕದ ಮನೆಗಳಾದದ್ದನ್ನು ನಾವೆಲ್ಲ ಕೇಳಿದ್ದೇವೆ. ನಾಲ್ಕಾರು ಮನೆಯವರು ಕೂಡಿ ಸಣ್ಣ ಬಸ್ಸು ಗೊತ್ತುಮಾಡಿಕೊಂಡರೆ ತಲೆಗೆ ಬೀಳುವ ಖರ್ಚು ಹೆಚ್ಚಾಗದು. ರಾತ್ರಿ ಓಡಾಟ ಬಿಡಬೇಕು. ಹಗಲಿನಲ್ಲಿ ಸಾಗಿದರೆ ಚಾಲಕನಿಗೂ ನಿದ್ದೆ, ನಮಗೂ ನೋಟ.

ಕೆರೆಯ ದಂಡೆಗೆ ಬಂದಾಗ ಧ್ವನಿವರ್ಧಕ ಬಂದಾಗಬೇಕು. ಹಕ್ಕಿ ಹಾರಲೆಂದು ಕಲ್ಲು ಎಸೆಯುವುದು, ಫೋಟೋಕ್ಕಾಗಿ ಬೆನ್ನಟ್ಟುವುದು ಸಲ್ಲದು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ಪ್ರತಿ ಸಲ ಏಳುವುದೂ ಶಕ್ತಿಯ ನಷ್ಟವೇ. ಚುರುಮುರಿ, ಬಿಸ್ಕೀಟು ತಿನ್ನಿಸಬಾರದು. ತೊಗರಿ ಹೊಲದಲ್ಲಿ ಹುಳುವಿನ ಮೇಲೆ ಹಕ್ಕಿ ಕರೆಯುವುದು ಬೇರೆ, ಕೆರೆಯ ಹಕ್ಕಿಯನ್ನು ರೂಢಿ ತಪ್ಪಿಸುವುದು ಬೇರೆ. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಮರಳಿ ತರಬೇಕು. ಧಾಮಗಳಿಗೆ ಹೋಗುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ, ಅವರ ಸಿಬ್ಬಂದಿಯ ಜೊತೆಯಲ್ಲಿಯೇ ಒಳಗೆ ಹೋಗಬೇಕು.

ಮರಳಿದ ಮೇಲೆ

ನೋಡಿ ಬಂದದ್ದು ಹೊಲದಲ್ಲಿ ಕಾಣದಿದ್ದರೆ ಪ್ರವಾಸದ ಹಣ ದಂಡ. ಮರಳಿದ ರೈತರು ಸಣ್ಣ ಸಣ್ಣ ಕೆಲಸಗಳಿಂದ ಪ್ರಾರಂಭಿಸಬಹುದು. ತೊಗರಿ, ಕಡಲೆಯಲ್ಲಿ ಕವೆಗೋಲು ನೆಡುವುದು. ಜೋಳ, ಸೂರ್ಯಕಾಂತಿಯಲ್ಲಿ ಕಾಳು ಕಟ್ಟುವ ಮೊದಲು ಅವನ್ನು ಕಿತ್ತುಬಿಡುವುದು. ಬದುವಿನ ಮೇಲಿನ ಬೇವು, ಜಾಲಿ, ಬನ್ನಿ ಗಿಡಗಳನ್ನು ಉಳಿಸುವುದು. ಬದುವಿನ ಹುಲ್ಲಿಗೆ ಬೆಂಕಿ ಹಚ್ಚದಿರುವುದು. ವಿಷ ತಿಂದು ಸತ್ತ ಇಲಿಗಳನ್ನು ಆರಿಸಿ ಹೂಳುವುದು. ಇಲ್ಲವಾದರೆ ಅವನ್ನು ತಿಂದ ಗೂಬೆ, ಹದ್ದುಗಳಿಗೂ ಅಪಾಯ. ಕುರಿಗೆ ತೋಳ ಬಿದ್ದರೆ ಹೆಣಕ್ಕೆ ವಿಷ ಹಾಕದೆ ಅರಣ್ಯ ಇಲಾಖೆಗೆ ತಿಳಿಸುವುದು. ಊರ ಕೆರೆ, ಗೋಮಾಳಗಳ ಒತ್ತುವರಿಯ ಬಗ್ಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು.

ಇಲಾಖೆಗಳಿಗೂ ನನ್ನದೊಂದು ಸೂಚನೆಯಿದೆ. ಕೃಷಿ ಮತ್ತು ಅರಣ್ಯ ಇಲಾಖೆಗಳು ಪಕ್ಕಪಕ್ಕದ ಕಟ್ಟಡಗಳಲ್ಲಿದ್ದರೂ ಒಬ್ಬರ ಪ್ರವಾಸದ ಪಟ್ಟಿಯನ್ನು ಇನ್ನೊಬ್ಬರು ನೋಡುವುದಿಲ್ಲ. ರೈತರ ಅಧ್ಯಯನ ಪ್ರವಾಸದ ದಿನಾಂಕ ಗೊತ್ತುಮಾಡುವಾಗಲೇ ಹಕ್ಕಿಗಳ ಕಾಲವನ್ನು ನೋಡಿಕೊಂಡು, ದಾರಿಯ ತಾಣಕ್ಕೆ ಅರಣ್ಯ ಸಿಬ್ಬಂದಿಯೊಬ್ಬರನ್ನು ಗೊತ್ತುಮಾಡಿ, ಆ ಊರಿನ ಇಬ್ಬರು ರೈತರನ್ನು ಮಾತಾಡಲು ಕರೆದರೆ ಸಾಕು. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಅನುದಾನವೂ ಬೇಡ.

ಎಳ್ಳಮಾವಾಸ್ಯೆಯ ದಿನ ನಾವು ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತೇವೆ. ಬೆಳೆದದ್ದರಲ್ಲಿ ಒಂದು ತುತ್ತು ಭೂಮಿತಾಯಿಗೆ, ಒಂದು ತುತ್ತು ಹುಳ ಹುಪ್ಪಡಿ ಹಕ್ಕಿಗೆ ಎಂಬುದು ಅದರ ಅರ್ಥ. ಆ ತುತ್ತು ತಿನ್ನುವವರು ಯಾರು, ಅವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಿ ಬರುವುದು ಒಕ್ಕಲಿಗನ ಕೆಲಸವೇ ಆಗಿದೆ. ಈ ಸಲ ಊರಿನಿಂದ ಬಸ್ಸು ಹೊರಡುವಾಗ ಚಾಲಕನಿಗೆ ಒಂದು ಮಾತು ಹೇಳಿಡಿರಿ: ಕೆರೆ ಬಂದಾಗ ಎಬ್ಬಿಸು, ನಿಲ್ಲಿಸು.